ನೋಯದ ಎದೆಯ ಲೆಕ್ಕ

(ಬಾನುಲಿ ಭಾಷಣ)



ಮೂವತ್ತನಾಲ್ಕು ವರ್ಷ ಕನ್ನಡ ಪಾಠ ಹೇಳಿದವನೊಬ್ಬ ಮಧುಮೇಹಿಗಳ ಹೃದ್ರೋಗವನ್ನು ಕುರಿತು ಮಾತನಾಡಲು ಧ್ವನಿವರ್ಧಕದ ಮುಂದೆ ಕುಳಿತಿರುವುದು ನಿಮಗೆ ವಿಚಿತ್ರವಾಗಿ ತೋರಬಹುದು. ನನಗೂ ಹಾಗೆಯೇ ತೋರುತ್ತಿದೆ. ಛಂದಸ್ಸಿನ ಮಾತ್ರೆಗಳನ್ನು ಎಣಿಸುವುದಷ್ಟೇ ಗೊತ್ತಿದ್ದವನಿಗೆ ಔಷಧದ ಮಾತ್ರೆಗಳನ್ನು ಎಣಿಸುವ ಕೆಲಸ ಬಂದದ್ದು ತೀರ ತಡವಾಗಿ, ಅದೂ ನನ್ನ ಅಕ್ಕನ ಮಂಚದ ಪಕ್ಕದಲ್ಲಿ. ವೈದ್ಯಕೀಯ ಸಲಹೆ ಕೊಡುವ ಅಧಿಕಾರ ನನಗಿಲ್ಲ, ಕೊಡುವುದೂ ಇಲ್ಲ. ಸಕ್ಕರೆ ಕಾಯಿಲೆಯವರು ಹೃದಯದ ತೊಂದರೆಯಿಂದ ಆಸ್ಪತ್ರೆ ಸೇರುವುದು ಕಾಲದಿಂದ ಕಾಲಕ್ಕೆ ಹೆಚ್ಚಿತೋ ಕಡಿಮೆಯಾಯಿತೋ ಎಂಬ ಲೆಕ್ಕವನ್ನು ಲೋಕ ಹೇಗೆ ಇಟ್ಟಿದೆ, ಆ ಲೆಕ್ಕ ಏನನ್ನು ಹೇಳುತ್ತದೆ, ಏನನ್ನು ಹೇಳದೆ ಬಿಡುತ್ತದೆ ಎಂಬುದನ್ನು, ಹಳೆಯ ಕಾವ್ಯದ ಪಾಠವೊಂದನ್ನು ನೋಡುವ ಹಾಗೆ ಕುಳಿತು ನೋಡಿದ್ದೇನೆ. ಪಿ.ಯು.ಸಿ.ಯಲ್ಲಿ ನನ್ನ ಕನ್ನಡ ತರಗತಿಯ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದ ಹುಡುಗನೊಬ್ಬ ಈಗ ವೈದ್ಯ. ಅವನೇ ಈ ಕಾಗದಗಳನ್ನು ತಂದುಕೊಟ್ಟು, ತಿಳಿಯದ ಕಡೆ ಅರ್ಥ ಹೇಳಿದವನು. ಅಂದು ನಾನು ಅವನಿಗೆ ಹೇಳಿದ ಪಾಠಕ್ಕಿಂತ ಅವನು ನನಗೆ ಹೇಳಿದ ಪಾಠ ಚೆನ್ನಾಗಿತ್ತು.

2017ರ ಸಂಕ್ರಾಂತಿಯ ಮರುದಿನದ ಮಾತು. ಅಕ್ಕನಿಗೆ ಆಗ ಅರವತ್ತೆಂಟು ವರ್ಷ. ತಾಯಿ ಬೇಗ ತೀರಿಕೊಂಡ ಮನೆಯಲ್ಲಿ ನನಗೆ ಅನ್ನ ಕಲಸಿ ಕೊಟ್ಟು, ಕಾಗುಣಿತ ತಿದ್ದಿಸಿ ದೊಡ್ಡವನನ್ನಾಗಿ ಮಾಡಿದವಳು ಅವಳು. ಸಕ್ಕರೆ ಕಾಯಿಲೆ ಹದಿನೆಂಟು ವರ್ಷಗಳಿಂದ ಇತ್ತು. ಹಬ್ಬಕ್ಕೆಂದು ಬೆಲ್ಲ ಕೊಬ್ಬರಿ ಹೆಚ್ಚಿ, ಮಕ್ಕಳ ಕೈಯಲ್ಲಿ ಬೀದಿಗೆಲ್ಲ ಎಳ್ಳು ಕಳಿಸಿದವಳು ತಾನು ಮಾತ್ರ ಒಂದು ಚೂರನ್ನೂ ಬಾಯಿಗೆ ಹಾಕಿಕೊಂಡಿರಲಿಲ್ಲ. ಮಧ್ಯಾಹ್ನ ಊಟವಾದ ಮೇಲೆ ನಡುಮನೆಯ ಕಂಬಕ್ಕೆ ಒರಗಿ ಕುಳಿತಿದ್ದಳು. ಮಾಗಿಯ ಚಳಿಯಲ್ಲೂ ಅವಳ ಹಣೆ, ಕುತ್ತಿಗೆ ಬೆವರಿ ಒದ್ದೆಯಾಗಿದ್ದವು.

"ಏನಕ್ಕ?" ಎಂದೆ.

"ಏನಿಲ್ಲ ಕಣೋ, ಯಾಕೋ ಸುಸ್ತು. ಹೊಟ್ಟೆ ಉಬ್ಬರಿಸಿದ ಹಾಗಿದೆ."

"ಎದೆ ನೋಯುತ್ತಾ?"

"ಇಲ್ಲಪ್ಪ."

ನೋವಿಲ್ಲ ಎಂದಮೇಲೆ ಭಯವಿಲ್ಲ ಎಂದುಕೊಂಡೆವು. ಮಜ್ಜಿಗೆಗೆ ಇಂಗು ಹಾಕಿ ಕೊಟ್ಟೆವು, ಕುಡಿದು ಮಲಗಿದಳು. ಮಾರನೆಯ ಬೆಳಿಗ್ಗೆ ಸ್ನಾನ ಮುಗಿಸಿ ಬಚ್ಚಲಿನಿಂದ ನಡುಮನೆಗೆ ಬರುವಷ್ಟರಲ್ಲಿ ಉಸಿರು ಕಟ್ಟಿತು. ಆಸ್ಪತ್ರೆಯಲ್ಲಿ ಇ.ಸಿ.ಜಿ.ಯ ಉದ್ದನೆಯ ಕಾಗದವನ್ನು ಕೈಯಲ್ಲಿ ಹಿಡಿದು ಚಿಕ್ಕ ವಯಸ್ಸಿನ ವೈದ್ಯರು ಹೇಳಿದರು: "ಹೃದಯಾಘಾತ ಈಗ ಆದದ್ದಲ್ಲ ಸಾರ್, ನಿನ್ನೆಯೇ ಆಗಿದೆ." "ಎದೆ ನೋಯಲೇ ಇಲ್ಲವಲ್ಲ!" ಎಂದೆ. "ಶುಗರ್ ಇದ್ದವರಲ್ಲಿ ಎಷ್ಟೋ ಜನಕ್ಕೆ ನೋಯುವುದಿಲ್ಲ" ಎಂದರು.

ಕನ್ನಡದಲ್ಲಿ ಎದೆ ಎಂಬ ಮಾತಿಗೆ ಎಷ್ಟು ಕೆಲಸ! ಹೆದರಿದವನು ಎದೆಗುಂದುತ್ತಾನೆ, ಹೆದರದವನಿಗೆ ಎದೆಗಾರಿಕೆ. ದುಃಖಕ್ಕೆ ಎದೆ ಒಡೆಯುತ್ತದೆ, ಕರಗುತ್ತದೆ, ಝಲ್ಲೆನ್ನುತ್ತದೆ. ಇವೆಲ್ಲ ತಿಳಿಯುವಂಥ, ಕೆಲವೊಮ್ಮೆ ಕೇಳಿಸುವಂಥ ಕ್ರಿಯೆಗಳು. ಎದೆಗೆ ಪೆಟ್ಟು ಬಿದ್ದರೂ ಎದೆಯ ಒಡೆಯನಿಗೇ ತಿಳಿಯದೆ ಹೋಗುವ ಸಂಗತಿಗೆ ನಮ್ಮಲ್ಲಿ ಮಾತೇ ಇಲ್ಲ. ವೈದ್ಯರು ಅದನ್ನು ಮೌನ ಹೃದಯಾಘಾತ ಎನ್ನುತ್ತಾರೆ. ಬಹುಕಾಲದ ಸಕ್ಕರೆಯಿಂದ ನರಗಳು ಜಡವಾಗುತ್ತವೆ. ಪಾದಕ್ಕೆ ಮುಳ್ಳು ಚುಚ್ಚಿದ್ದು ತಿಳಿಯದಿರುವಂತೆಯೇ ಹೃದಯದಿಂದ ನೋವಿನ ಸುದ್ದಿಯನ್ನು ಒಯ್ಯುವ ನರಗಳೂ ಸುದ್ದಿಯನ್ನು ಒಯ್ಯದೆ ಹೋಗಬಹುದು. ಆಗ ಬೆವರು, ಸುಸ್ತು, ಉಬ್ಬಸ, ಹೊಟ್ಟೆಯ ಸಂಕಟ, ಇಷ್ಟೇ ಹೊರಗೆ ಕಾಣುವುದು. ಬ್ರಿಟನ್ನಿನಲ್ಲಿ 1977ರಲ್ಲಿ ಆರಂಭವಾಗಿ ಇಪ್ಪತ್ತು ವರ್ಷ ನಡೆದ ಒಂದು ದೊಡ್ಡ ಮಧುಮೇಹ ಅಧ್ಯಯನವುಂಟು. ಅದರಲ್ಲಿ ಸೇರಿದವರೆಲ್ಲ ಆಗತಾನೆ ಮಧುಮೇಹವೆಂದು ತಿಳಿದವರು. ಅವರ ಪೈಕಿ ಸುಮಾರು ಎರಡು ಸಾವಿರ ಮಂದಿಯ ಇ.ಸಿ.ಜಿ.ಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಆರರಲ್ಲೊಬ್ಬರ ಹೃದಯದ ಮೇಲೆ ಹಳೆಯ, ಅವರಿಗೇ ತಿಳಿಯದ ಆಘಾತದ ಗುರುತಿತ್ತು. ಅಂದರೆ ಸಕ್ಕರೆ ಇದೆ ಎಂದು ತಿಳಿದ ದಿನವೇ ಹೃದಯದ ಪೆಟ್ಟು ಹಳೆಯದಾಗಿತ್ತು.

ಇಂಥ ಆಘಾತಗಳು ಆಸ್ಪತ್ರೆಯ ಯಾವ ಪುಸ್ತಕದಲ್ಲೂ ದಾಖಲಾಗುವುದಿಲ್ಲ. ಮುಂದೆ ನಾನು ಹೇಳುವ ಅಂಕಿಗಳನ್ನು ಕೇಳುವಾಗ ಇದನ್ನು ದಯಮಾಡಿ ನೆನಪಿನಲ್ಲಿಡಿ.

ಈ ಎರಡು ರೋಗಗಳ ನಂಟು ಹೊಸದೇನಲ್ಲ. ನಮ್ಮವರಿಗೆ ಎಲ್ಲವೂ ಮೊದಲೇ ತಿಳಿದಿತ್ತು ಎಂದು ಹೇಳುವ ಚಟ ನನಗಿಲ್ಲ. ಆದರೂ ಚರಕಸಂಹಿತೆಯ ಸೂತ್ರಸ್ಥಾನದ ಹದಿನೇಳನೆಯ ಅಧ್ಯಾಯವನ್ನು ತೆರೆದಾಗ ಸ್ವಲ್ಪ ಹೊತ್ತು ಪುಟ ಮಗುಚಲಾಗಲಿಲ್ಲ. ಐದು ಬಗೆಯ ಹೃದ್ರೋಗಗಳನ್ನು ಹೇಳಿದ ಆ ಅಧ್ಯಾಯದಲ್ಲಿಯೇ ಮಧುಮೇಹವೂ ಬರುತ್ತದೆ. ಹೃದಯದಲ್ಲಿ ನೆಲೆಸಿದ ಓಜಸ್ಸೆಂಬ ಸಾರದ ವರ್ಣನೆಯೂ ಅಲ್ಲಿದೆ. ಆ ಓಜಸ್ಸನ್ನು ವಾಯು ಮೂತ್ರಕೋಶಕ್ಕೆ ಸೆಳೆದೊಯ್ದಾಗ ಮಧುಮೇಹ ಹುಟ್ಟುತ್ತದೆ ಎಂಬ ವಿವರಣೆಯೂ ಇದೆ. ವಿವರಣೆ ಇಂದಿನದಲ್ಲ, ನಿಜ. ಎರಡನ್ನೂ ಒಂದೇ ಅಧ್ಯಾಯದಲ್ಲಿ ತಂದ ಆ ಕಣ್ಣನ್ನು ಮಾತ್ರ ಮೆಚ್ಚಬೇಕು.

ಇಪ್ಪತ್ತನೆಯ ಶತಮಾನದ ಆರಂಭದವರೆಗೆ ಮಧುಮೇಹಿಗಳನ್ನು ಹೃದ್ರೋಗ ಇಷ್ಟಾಗಿ ಕಾಡಿರಲಿಲ್ಲ. ಕಾರಣ ಸಂತೋಷದ್ದಲ್ಲ: ಹೃದಯ ಕೆಡುವಷ್ಟು ಕಾಲ ಎಷ್ಟೋ ಜನ ಬದುಕುತ್ತಲೇ ಇರಲಿಲ್ಲ. ಬಾಸ್ಟನ್ನಿನಲ್ಲಿ ಎಲಿಯಟ್ ಜಾಸ್ಲಿನ್ ಎಂಬ ವೈದ್ಯರಿದ್ದರು. ತಮ್ಮ ಬಳಿಗೆ ಬಂದ ಪ್ರತಿಯೊಬ್ಬ ಮಧುಮೇಹಿಯ ವಿವರವನ್ನೂ ಖಾತೆಪುಸ್ತಕದಲ್ಲಿ ಬರೆದಿಡುತ್ತಿದ್ದ ಮಹಾನುಭಾವರು. ಅವರ ಮೊದಲ ದಶಕಗಳ ರೋಗಿಗಳಲ್ಲಿ ಸತ್ತವರ ಪೈಕಿ ಅರ್ಧಕ್ಕೂ ಹೆಚ್ಚು ಜನ ಸಕ್ಕರೆ ಏರಿ, ಪ್ರಜ್ಞೆ ತಪ್ಪಿ ಸತ್ತವರು. 1921ರಲ್ಲಿ ಟೊರಾಂಟೊ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ನನ್ನು ಬೇರ್ಪಡಿಸಿದರು. 1922ರ ಜನವರಿಯಲ್ಲಿ ಹದಿನಾಲ್ಕು ವರ್ಷದ ಬಾಲಕನೊಬ್ಬನಿಗೆ ಅದನ್ನು ಚುಚ್ಚಿದರು. ಅಲ್ಲಿಂದ ಮುಂದೆ ಪ್ರಜ್ಞೆ ತಪ್ಪಿ ಸಾಯುವವರು ಕಡಿಮೆಯಾಗುತ್ತ ಬಂದರು. ರಕ್ತನಾಳ ಪೆಡಸಾಗಿ ಸಾಯುವವರು ಹೆಚ್ಚಾದರು. ಇನ್ಸುಲಿನ್ ಕೊಟ್ಟ ಆಯುಷ್ಯದ ಮೇಲೆ ಹೃದಯ ಸುಂಕ ಕೇಳತೊಡಗಿತು.

ಆ ಸುಂಕ ಎಷ್ಟೆಂದು ಖಚಿತವಾಗಿ ತಿಳಿದದ್ದು ಅದೇ ಮ್ಯಾಸಚೂಸೆಟ್ಸ್ ಪ್ರಾಂತ್ಯದ ಫ್ರೇಮಿಂಗ್‌ಹ್ಯಾಮ್ ಎಂಬ ಪಟ್ಟಣದಲ್ಲಿ. ಅಲ್ಲಿ 1948ರಿಂದ ಐದು ಸಾವಿರಕ್ಕೂ ಹೆಚ್ಚು ಜನರನ್ನು ವರ್ಷಗಟ್ಟಲೆ ಪರೀಕ್ಷಿಸುತ್ತ ಬಂದರು. 1979ರಲ್ಲಿ ಪ್ರಕಟವಾದ ಇಪ್ಪತ್ತು ವರ್ಷಗಳ ಲೆಕ್ಕ ಹೇಳಿದ್ದಿಷ್ಟು: ಮಧುಮೇಹವಿಲ್ಲದವರಿಗೆ ಹೋಲಿಸಿದರೆ ಹೃದಯ ಮತ್ತು ರಕ್ತನಾಳಗಳ ರೋಗದ ಅಪಾಯ ಮಧುಮೇಹಿ ಗಂಡಸರಲ್ಲಿ ಸುಮಾರು ಇಮ್ಮಡಿ, ಹೆಂಗಸರಲ್ಲಿ ಸುಮಾರು ಮುಮ್ಮಡಿ. ಸಾಮಾನ್ಯವಾಗಿ ಹೆಂಗಸರಿಗೆ ಹೃದ್ರೋಗ ತಡವಾಗಿ ಬರುತ್ತದೆ; ಪ್ರಕೃತಿ ಕೊಟ್ಟ ಆ ರಿಯಾಯಿತಿಯನ್ನು ಮಧುಮೇಹ ಬಹುಮಟ್ಟಿಗೆ ಕಸಿದುಕೊಳ್ಳುತ್ತದೆ. ನಮ್ಮ ಮನೆಗಳಲ್ಲಾದರೋ ಹೆಂಗಸರ ಸುಸ್ತಿಗೆ ಕೆಲಸವೇ ಕಾರಣವೆಂದು ಎಲ್ಲರೂ ಬಗೆಯುತ್ತಾರೆ, ಹೆಂಗಸರೂ ಹಾಗೆಯೇ ಬಗೆಯುತ್ತಾರೆ. ನಾನೂ ಅದನ್ನೇ ಮಾಡಿದೆ.

ಇನ್ನು ಮುಖ್ಯ ಲೆಕ್ಕಕ್ಕೆ ಬರುತ್ತೇನೆ. ಅಮೆರಿಕದಲ್ಲಿ ಆಸ್ಪತ್ರೆಯಿಂದ ಬಿಡುಗಡೆಯಾದವರ ಚೀಟಿಗಳನ್ನು ದೇಶದಾದ್ಯಂತ ಮಾದರಿಯಾಗಿ ಆಯ್ದು ಎಣಿಸುವ ಪದ್ಧತಿ ಬಹಳ ಕಾಲದಿಂದ ಇತ್ತು. ಮನೆಮನೆಗೆ ಹೋಗಿ ಯಾರಿಗೆ ಮಧುಮೇಹವಿದೆ ಎಂದು ಕೇಳುವ ಸಮೀಕ್ಷೆಯೂ ಉಂಟು. ಎರಡನ್ನೂ ಸೇರಿಸಿ 1990ರಿಂದ 2010ರವರೆಗಿನ ಬದಲಾವಣೆಯನ್ನು ಅಲ್ಲಿನ ರೋಗ ನಿಯಂತ್ರಣ ಕೇಂದ್ರದವರು 2014ರಲ್ಲಿ ಪ್ರಕಟಿಸಿದರು. 1990ರಲ್ಲಿ ಹತ್ತು ಸಾವಿರ ಮಧುಮೇಹಿಗಳಿಗೆ ವರ್ಷಕ್ಕೆ 141 ಹೃದಯಾಘಾತಗಳು ದಾಖಲಾಗುತ್ತಿದ್ದುವು. 2010ರಲ್ಲಿ 45ಕ್ಕೆ ತುಸು ಹೆಚ್ಚು. ಅಂದರೆ ಮೂರರಲ್ಲಿ ಎರಡು ಪಾಲು ಇಳಿಕೆ. ಪಾರ್ಶ್ವವಾಯು ಸುಮಾರು ಅರ್ಧಕ್ಕೆ ಬಂತು, ಕಾಲು ಕತ್ತರಿಸುವ ಶಸ್ತ್ರಕ್ರಿಯೆಯೂ ಅರ್ಧಕ್ಕೆ ಬಂತು. ಮಧುಮೇಹವಿಲ್ಲದವರಲ್ಲೂ ಹೃದಯಾಘಾತ ಇಳಿಯಿತು, ಆದರೆ ಇಷ್ಟಾಗಿ ಅಲ್ಲ.

ಮೊದಲ ಓದಿಗೆ ಇದು ವಿಜಯವಾರ್ತೆ. ಎರಡನೆಯ ಸಲ ಓದಿದಾಗ ಇನ್ನೊಂದು ಸಾಲು ಕಣ್ಣಿಗೆ ಬಿತ್ತು. ಆ ಇಪ್ಪತ್ತು ವರ್ಷಗಳಲ್ಲಿ ಅಮೆರಿಕದ ಮಧುಮೇಹಿಗಳ ಸಂಖ್ಯೆ 65 ಲಕ್ಷದಿಂದ ಎರಡು ಕೋಟಿ ಏಳು ಲಕ್ಷಕ್ಕೆ, ಅಂದರೆ ಮೂರು ಪಟ್ಟಿಗೂ ಮಿಕ್ಕಿ ಏರಿತ್ತು. ಹೀಗಾಗಿ ದರ ಅಷ್ಟು ಇಳಿದರೂ ಹೃದಯಾಘಾತವಾಗಿ ಆಸ್ಪತ್ರೆ ಸೇರಿದ ಮಧುಮೇಹಿಗಳ ಒಟ್ಟು ಎಣಿಕೆ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು: ಮೊದಲು ವರ್ಷಕ್ಕೆ ಒಂದು ಲಕ್ಷ ನಲವತ್ತು ಸಾವಿರ, ಕೊನೆಗೆ ಒಂದು ಲಕ್ಷ ಮೂವತ್ತಾರು ಸಾವಿರ. ಒಬ್ಬೊಬ್ಬ ರೋಗಿಯ ಅಪಾಯ ಕಡಿಮೆಯಾಯಿತು. ಆಸ್ಪತ್ರೆಯ ಮಂಚ ಮಾತ್ರ ಖಾಲಿಯಾಗಲಿಲ್ಲ. ವೈದ್ಯನು ದರವನ್ನು ನೋಡಿ ಹಿಗ್ಗಬಹುದು, ವಾರ್ಡಿನ ದಾದಿಗೆ ಆ ಹಿಗ್ಗಿನ ಸುಳಿವೂ ಸಿಗದಿರಬಹುದು. ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ಗ್ರಂಥಸಂಪಾದನೆ ಮಾಡಿದವರಿಗೆ ಪಾಠಾಂತರದ ಕಾಟ ಗೊತ್ತು. ಇಲ್ಲಿಯೂ ಅಂಥದೊಂದುಂಟು. 1997ರಲ್ಲಿ ಅಮೆರಿಕದಲ್ಲಿ ಮಧುಮೇಹದ ಗೆರೆಯನ್ನೇ ಕೆಳಗಿಳಿಸಿದರು: ಬರಿಹೊಟ್ಟೆಯಲ್ಲಿ ಸಕ್ಕರೆ 140 ಇದ್ದರೆ ರೋಗಿ ಎನ್ನುತ್ತಿದ್ದವರು 126 ಇದ್ದರೂ ರೋಗಿ ಎಂದರು. ಕಾಯಿಲೆ ಇನ್ನೂ ಎಳೆಯದಾಗಿರುವವರೂ ಎಣಿಕೆಗೆ ಬಂದರು. ಅಂಥವರಲ್ಲಿ ಹೃದಯಾಘಾತ ಸಹಜವಾಗಿಯೇ ಕಡಿಮೆ. ಆದ್ದರಿಂದ ಇಳಿಕೆಯ ಸ್ವಲ್ಪ ಭಾಗ ಲೇಖನಿಯ ತುದಿಯಿಂದ ಆದದ್ದು. ಇದಕ್ಕೆ ಪ್ರತಿಯಾಗಿ, ಟ್ರೊಪೋನಿನ್ ಎಂಬ ರಕ್ತಪರೀಕ್ಷೆ ಬಳಕೆಗೆ ಬಂದಮೇಲೆ ಹಿಂದೆ ಗಮನಕ್ಕೇ ಬಾರದಿದ್ದ ಸಣ್ಣ ಆಘಾತಗಳೂ ಲೆಕ್ಕಕ್ಕೆ ಸಿಕ್ಕಿದುವು. ಒಂದು ತಪ್ಪು ಅಂಕಿಯನ್ನು ಕೆಳಗೆಳೆದರೆ ಇನ್ನೊಂದು ಮೇಲಕ್ಕೆತ್ತುತ್ತದೆ. ಇಷ್ಟೆಲ್ಲ ಕಳೆದು ನೋಡಿದರೂ ಇಳಿಕೆ ನಿಜವಾದದ್ದೇ ಎಂದು ನನ್ನ ವೈದ್ಯಶಿಷ್ಯ ಹೇಳುತ್ತಾನೆ. ಸ್ವೀಡನ್ನಿನಲ್ಲಿ ಮಧುಮೇಹಿಗಳ ರಾಷ್ಟ್ರೀಯ ದಾಖಲೆಯಿಂದ 2017ರಲ್ಲಿ ಪ್ರಕಟವಾದ ಲೆಕ್ಕವೂ ಹೃದ್ರೋಗ ಇಳಿಯಿತೆಂದೇ ಹೇಳುತ್ತದೆ.

ಇಳಿದದ್ದು ಏಕೆ? ಸಕ್ಕರೆಯನ್ನು ಇನ್ನಷ್ಟು ಇಳಿಸಿದ್ದರಿಂದ ಎಂದು ಯಾರಾದರೂ ಹೇಳಿಯಾರು. ಅಕ್ಕನ ವಿಷಯದಲ್ಲಿ ನಾವು ನಂಬಿಕೊಂಡಿದ್ದದ್ದೂ ಅದನ್ನೇ. ಕಾಗದಗಳು ಹೇಳುವುದು ಬೇರೆ. ನಾನು ಮೊದಲು ಹೇಳಿದ ಬ್ರಿಟನ್ನಿನ ಅಧ್ಯಯನದ ಫಲಿತಾಂಶ 1998ರಲ್ಲಿ ಬಂತು. ಸಕ್ಕರೆಯನ್ನು ಬಿಗಿಯಾಗಿ ಹಿಡಿದದ್ದರಿಂದ ಕಣ್ಣಿಗೂ ಮೂತ್ರಪಿಂಡಕ್ಕೂ ಸ್ಪಷ್ಟವಾದ ಲಾಭವಾಯಿತು. ಹೃದಯಾಘಾತ ಮಾತ್ರ ನೂರಕ್ಕೆ ಹದಿನಾರರಷ್ಟು ಇಳಿದಂತೆ ಕಂಡರೂ ಅದು ಆಕಸ್ಮಿಕವಲ್ಲವೆಂದು ಖಂಡಿತವಾಗಿ ಹೇಳುವಂತಿರಲಿಲ್ಲ. ಹತ್ತು ವರ್ಷ ಕಾದು ನೋಡಿದ ಮೇಲೆ, 2008ರಲ್ಲಿ, ಆ ಲಾಭವೂ ದೃಢಪಟ್ಟಿತು. ಅದೇ ಅಧ್ಯಯನದಲ್ಲಿ ಕೆಲವರ ರಕ್ತದೊತ್ತಡವನ್ನು ಬಿಗಿಯಾಗಿ ಹಿಡಿದಿದ್ದರು. ಅಂಥವರಲ್ಲಿ ಪಾರ್ಶ್ವವಾಯು ನೂರಕ್ಕೆ 44ರಷ್ಟು, ಹೃದಯ ವೈಫಲ್ಯ 56ರಷ್ಟು ಕಡಿಮೆಯಾಯಿತು. ಇತ್ತ ಅಮೆರಿಕದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮಂದಿಯನ್ನು ಸೇರಿಸಿಕೊಂಡು, ಸಕ್ಕರೆಯನ್ನು ಆರೋಗ್ಯವಂತರ ಮಟ್ಟಕ್ಕೇ ಇಳಿಸಲು ಹೊರಟ ಪ್ರಯೋಗವನ್ನು 2008ರಲ್ಲಿ ನಡುವೆಯೇ ನಿಲ್ಲಿಸಬೇಕಾಯಿತು. ಬಿಗಿಯಾಗಿ ಇಳಿಸಿದವರ ಗುಂಪಿನಲ್ಲೇ ಸಾವು ಹೆಚ್ಚು ಕಂಡಿತು. ಡೆನ್ಮಾರ್ಕಿನಲ್ಲಿ ಕೇವಲ 160 ಜನರ ಮೇಲೆ ಒಂದು ಅಧ್ಯಯನ ನಡೆಯಿತು. ಅವರಲ್ಲಿ ಅರ್ಧ ಮಂದಿಗೆ ಸಕ್ಕರೆ, ರಕ್ತದೊತ್ತಡ, ರಕ್ತದ ಕೊಬ್ಬು, ಊಟ, ನಡಿಗೆ, ಹೊಗೆಸೊಪ್ಪು ಎಲ್ಲವನ್ನೂ ಒಟ್ಟಿಗೆ ಹಿಡಿದರು. 2003ರಲ್ಲಿ ನೋಡಿದಾಗ ಹೃದಯ ಮತ್ತು ರಕ್ತನಾಳದ ಅನಾಹುತಗಳು ಅವರಲ್ಲಿ ಅರ್ಧಕ್ಕಿಳಿದಿದ್ದುವು. ಇಪ್ಪತ್ತೊಂದು ವರ್ಷಗಳ ನಂತರ ಲೆಕ್ಕ ಹಾಕಿದಾಗ ಅವರ ಆಯುಷ್ಯ ಉಳಿದವರಿಗಿಂತ ಸುಮಾರು ಎಂಟು ವರ್ಷ ಹೆಚ್ಚಾಗಿತ್ತು. ಎಂಟು ವರ್ಷ! ಆ ಅಂಕಿಯನ್ನು ನಾನು ಪೆನ್ಸಿಲ್ಲಿನಿಂದ ಗೆರೆ ಎಳೆದು ಬಿಟ್ಟೆ, ಮತ್ತೆ ಬಹಳ ದಿನ ಆ ಕಾಗದ ತೆರೆಯಲಿಲ್ಲ.

ಇಳಿಕೆ ಹಾಗೆಯೇ ಮುಂದುವರಿಯಿತೆಂದು ತಿಳಿಯಬೇಡಿ. ಅದೇ ಅಮೆರಿಕದಲ್ಲಿ 2010ರ ನಂತರದ ಐದು ವರ್ಷಗಳಲ್ಲಿ ಅರವತ್ತೈದರೊಳಗಿನ ಮಧುಮೇಹಿಗಳ ತೊಡಕುಗಳು ಇಳಿಯುವುದು ನಿಂತು, ಕಾಲು ಕತ್ತರಿಸುವ ಶಸ್ತ್ರಕ್ರಿಯೆಯಂಥವು ಮತ್ತೆ ಏರತೊಡಗಿದುವು. ಇನ್ನು ಹೃದಯಾಘಾತದಿಂದ ಬದುಕಿ ಉಳಿದವರು ಬಲಗುಂದಿದ ಹೃದಯವನ್ನು ಹೊತ್ತು ಮತ್ತೆ ಮತ್ತೆ ಆಸ್ಪತ್ರೆಗೆ ಬರುತ್ತಾರೆ. ಇದೇ ಹೃದಯ ವೈಫಲ್ಯ. ಕಾಲು ಊದುತ್ತದೆ, ಅಂಗಾತ ಮಲಗಿದರೆ ಉಸಿರು ಸಿಕ್ಕುವುದಿಲ್ಲ, ರಾತ್ರಿ ಎದ್ದು ಕೂರಬೇಕು.

ಇಲ್ಲಿ ಭಾಷೆಯ ವಿದ್ಯಾರ್ಥಿಗೆ ಸ್ವಾರಸ್ಯವೆನಿಸುವ ಒಂದು ಸಂಗತಿ ಇದೆ. ನಮ್ಮ ಹಿರಿಯರು ಈ ರೋಗವನ್ನು ಸಿಹಿಮೂತ್ರ ರೋಗವೆಂದು ಕರೆದರು. ಮೂತ್ರಕ್ಕೆ ಇರುವೆ ಮುತ್ತಿದರೆ ರೋಗ ಬಂತೆಂದು ತಿಳಿದರು. ಎಂಪಾಗ್ಲಿಫ್ಲೋಜಿನ್ ಎಂಬ ಹೊಸ ಔಷಧ ಮಾಡುವ ಕೆಲಸವೆಂದರೆ ರಕ್ತದ ಸಕ್ಕರೆಯನ್ನು ಬೇಕೆಂದೇ ಮೂತ್ರದಲ್ಲಿ ಹೊರಗೆ ಕಳಿಸುವುದು! ರೋಗದ ಹೆಸರೇ ಮದ್ದಿನ ಕೆಲಸವಾಯಿತು. ಇದು ಹೃದಯಕ್ಕೆ ಕೆಡುಕು ಮಾಡುವುದಿಲ್ಲವಷ್ಟೆ ಎಂದು ನೋಡಲು ಏಳು ಸಾವಿರ ಜನರ ಮೇಲೆ ನಡೆಸಿದ ಪರೀಕ್ಷೆಯ ಫಲಿತಾಂಶ 2015ರಲ್ಲಿ ಬಂದಾಗ, ಹೃದಯ ವೈಫಲ್ಯಕ್ಕಾಗಿ ಆಸ್ಪತ್ರೆ ಸೇರುವುದು ನೂರಕ್ಕೆ 35ರಷ್ಟು ಇಳಿದಿತ್ತು. ಹುಡುಕಿದ್ದು ಒಂದು, ಸಿಕ್ಕಿದ್ದು ಇನ್ನೊಂದು. 2025ರ ಮಾರ್ಚಿಯಲ್ಲಿ ಭಾರತದಲ್ಲಿ ಅದರ ಪೇಟೆಂಟ್ ಮುಗಿದು, ಹಲವು ಕಂಪನಿಗಳು ತಯಾರಿಸತೊಡಗಿದ ಮೇಲೆ ಬೆಲೆ ಬಹಳವಾಗಿ ಇಳಿಯಿತು.

ನಮ್ಮ ದೇಶದ ಮಾತೇನು? 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆ ಇಲ್ಲಿನ ಮಧುಮೇಹಿಗಳು ಹತ್ತು ಕೋಟಿಗೂ ಹೆಚ್ಚು ಎನ್ನುತ್ತದೆ. ಅವರಲ್ಲಿ ಎಷ್ಟು ಮಂದಿ ಹೃದಯದ ತೊಂದರೆಯಿಂದ ಆಸ್ಪತ್ರೆ ಸೇರಿದರು ಎಂದು ವರ್ಷವರ್ಷವೂ ದೇಶಕ್ಕೆಲ್ಲ ಒಂದಾಗಿ ಎಣಿಸುವ ಏರ್ಪಾಡು ನಮ್ಮಲ್ಲಿಲ್ಲ. ಏರಿತೋ ಇಳಿಯಿತೋ ಎಂಬ ಪ್ರಶ್ನೆಗೆ ಇಲ್ಲಿ ಗೆರೆ ಎಳೆದು ತೋರಿಸಲಾಗದು. ಆದರೆ ಬೆಂಗಳೂರಿನ ಸಂತ ಜಾನ್ ವೈದ್ಯಕೀಯ ಸಂಸ್ಥೆಯವರು ಮುಂದೆ ನಿಂತು, ದೇಶದ ಐವತ್ತು ಊರುಗಳ 89 ಆಸ್ಪತ್ರೆಗಳಲ್ಲಿ ಹೃದಯಾಘಾತವೆಂದು ಸೇರಿದ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನರ ವಿವರಗಳನ್ನು ಕೂಡಿಸಿ 2008ರಲ್ಲಿ ಪ್ರಕಟಿಸಿದ ಒಂದು ವರದಿಯುಂಟು. ಅವರಲ್ಲಿ ಹತ್ತರಲ್ಲಿ ಮೂವರು ಮಧುಮೇಹಿಗಳು. ಸರಾಸರಿ ವಯಸ್ಸು ಅರವತ್ತೂ ಆಗಿರಲಿಲ್ಲ. ತೊಂದರೆ ಆರಂಭವಾದದ್ದಕ್ಕೂ ಆಸ್ಪತ್ರೆಯ ಬಾಗಿಲು ಮುಟ್ಟಿದ್ದಕ್ಕೂ ನಡುವಣ ಕಾಲ, ನಡುಮಧ್ಯದ ರೋಗಿಯ ಲೆಕ್ಕದಲ್ಲಿ, 360 ನಿಮಿಷ. ಆರು ಗಂಟೆ! ಬಾಗಿಲು ಮುಟ್ಟಿದ ಮೇಲೆ ರಕ್ತದ ಗಡ್ಡೆ ಕರಗಿಸುವ ಮದ್ದು ಕೊಡಲು ಹಿಡಿದದ್ದು ಐವತ್ತು ನಿಮಿಷ ಮಾತ್ರ. ಆಂಬುಲೆನ್ಸಿನಲ್ಲಿ ಬಂದವರು ನೂರಕ್ಕೆ ಐದಾರು ಮಂದಿ. ತಿಂಗಳೊಳಗೆ ಸತ್ತವರು ಬಡವರಲ್ಲಿ ನೂರಕ್ಕೆ ಎಂಟಕ್ಕೂ ಹೆಚ್ಚು, ಉಳ್ಳವರಲ್ಲಿ ಐದೂವರೆ. ಚಿಕಿತ್ಸೆಯ ವ್ಯತ್ಯಾಸವನ್ನು ಲೆಕ್ಕದಲ್ಲಿ ಸರಿದೂಗಿಸಿದಾಗ ಈ ಅಂತರ ಅಳಿಸಿಹೋಯಿತು. ಬಡವನ ಹೃದಯವೇ ಬೇರೆಯಲ್ಲ, ಅವನಿಗೆ ಸಿಕ್ಕ ಮದ್ದು ಬೇರೆ.

ಆ ಆರು ಗಂಟೆಗಳು ಎಲ್ಲಿ ಹೋದುವು? ಎದೆ ನೋಯುತ್ತಿದ್ದವರಿಗೇ ಅಷ್ಟು ಹೊತ್ತು ಹಿಡಿದಿದ್ದರೆ, ನೋಯದವರ ಗತಿಯೇನು? ಅಕ್ಕನಿಗೆ ಹದಿನೆಂಟು ಗಂಟೆ ಹಿಡಿಯಿತು. ಅಷ್ಟೂ ಹೊತ್ತು ನಾನು ಪಕ್ಕದ ಕೋಣೆಯಲ್ಲಿ ಯಾವುದೋ ಪುಸ್ತಕದ ಕರಡು ತಿದ್ದುತ್ತಿದ್ದೆ.

ಅವಳು ಒಟ್ಟು ನಾಲ್ಕು ಸಲ ಆಸ್ಪತ್ರೆ ಸೇರಿದಳು. ಮೊದಲನೆಯದು ಹೃದಯಾಘಾತಕ್ಕೆ, ಉಳಿದ ಮೂರು ಹೃದಯ ವೈಫಲ್ಯಕ್ಕೆ. 2019ರಲ್ಲಿ ನಾಲ್ಕನೆಯ ಸಲ ಹೋದವಳು ಮನೆಗೆ ಮರಳಲಿಲ್ಲ. ಬಿಡುಗಡೆಯ ಚೀಟಿಗಳನ್ನು ಎಣಿಸುವವರು ಆಳನ್ನು ಎಣಿಸುವುದಿಲ್ಲ. ಅಂಥ ಲೆಕ್ಕದಲ್ಲಿ ಅವಳೊಬ್ಬಳೇ ನಾಲ್ಕು ಅಂಕಿಯಾದಾಳು. ಕಂಬಕ್ಕೊರಗಿ ಕುಳಿತಿದ್ದ ಆ ಮಧ್ಯಾಹ್ನ ಮಾತ್ರ ಯಾವ ಅಂಕಿಯೂ ಆಗುವುದಿಲ್ಲ.

ಕಾಲೇಜಿನಿಂದ ತಂದ, ಬರೆಯದೆ ಉಳಿದಿದ್ದ ಹಾಜರಿ ಪುಸ್ತಕವೊಂದನ್ನು ಅವಳಿಗೆ ಕೊಟ್ಟಿದ್ದೆ. ಹದಿನೈದು ದಿನಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸಿ, ವಿದ್ಯಾರ್ಥಿಗಳ ಹೆಸರಿನ ಜಾಗದಲ್ಲಿ ತಾರೀಖು, ಹಾಜರಿಯ ಜಾಗದಲ್ಲಿ ಸಕ್ಕರೆಯ ಅಂಕಿ ಬರೆಯುತ್ತಿದ್ದಳು. ದುಂಡು ಅಕ್ಷರ, ಒಂದು ತಿಂಗಳೂ ತಪ್ಪಿಲ್ಲ, ಅಂಕಿಗಳು ಹೆಚ್ಚಾಗಿ ಒಳ್ಳೆಯವೇ. ರಕ್ತದೊತ್ತಡದ್ದೆಂದು ಮೊದಲ ಹನ್ನೆರಡು ವರ್ಷಗಳಲ್ಲಿ ಒಂದಂಕಿಯೂ ಇಲ್ಲ, ಕೊಬ್ಬಿನದೂ ಇಲ್ಲ. ಯಾರೂ ಕೇಳಲಿಲ್ಲ, ನಮಗೂ ಕೇಳಬೇಕೆಂದು ತಿಳಿಯಲಿಲ್ಲ.

2021ರಲ್ಲಿ ನನಗೂ ಸಕ್ಕರೆ ಬಂತು. ಆ ಪುಸ್ತಕದಲ್ಲಿ ಅವಳ ಅಕ್ಷರ ನಿಂತ ಪುಟದ ಮುಂದಿನ ಪುಟದಿಂದ ನಾನು ಬರೆಯುತ್ತಿದ್ದೇನೆ. ಎರಡು ಗೆರೆಗಳನ್ನು ಹೆಚ್ಚಾಗಿ ಎಳೆದುಕೊಂಡಿದ್ದೇನೆ. ಮನೆಯವರಿಗೂ ಒಂದು ಮಾತು ಹೇಳಿಟ್ಟಿದ್ದೇನೆ: ಕಾರಣವಿಲ್ಲದೆ ನಾನು ಬೆವರಿ ಕುಳಿತರೆ ನೋವಿದೆಯೇ ಎಂದು ಕೇಳುತ್ತ ಕೂರಬೇಡಿ, ಆಟೋ ಕರೆಯಿರಿ.